ಡೇಟಾ ‘ಅದು’ವೋ, ‘ಅವನು’ವೋ? ಆ ತೀರ್ಪು ಉತ್ತರ ಕೊಟ್ಟಿತೇ, ಜಾರಿಕೊಂಡಿತೇ?

ಬಾನಾಡಿ
ಕಳೆದ ಭಾನುವಾರ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಎಂಬ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿಯ ‘ದ ಮೆಷರ್ ಆಫ್ ಎ ಮ್ಯಾನ್’ ಕಂತನ್ನು ನಾಲ್ಕನೆಯ ಸಲ ನೋಡಿದೆ. 1989ರ ಫೆಬ್ರವರಿಯಲ್ಲಿ ಪ್ರಸಾರವಾದ, ಎರಡನೆಯ ಸೀಸನ್ನಿನ ಈ ಕಂತನ್ನು ಹೊಗಳದ ಅಭಿಮಾನಿ ಸಿಗುವುದು ಕಷ್ಟ. ನಾನೂ ಹೊಗಳುತ್ತಲೇ ಬಂದವನು. ಈ ಸಲ ಮಾತ್ರ ತೀರ್ಪಿನ ದೃಶ್ಯ ಮುಗಿದಾಗ ಏನೋ ಮೋಸ ಹೋದಂತಾಯಿತು.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಡೇಟಾ ಮನುಷ್ಯಾಕಾರದ ಯಂತ್ರ (ಆಂಡ್ರಾಯ್ಡ್), ಸ್ಟಾರ್‌ಫ್ಲೀಟ್ ಎಂಬ ಬಾಹ್ಯಾಕಾಶ ಪಡೆಯ ಎಂಟರ್‌ಪ್ರೈಸ್ ನೌಕೆಯ ಅಧಿಕಾರಿ. ಬ್ರೂಸ್ ಮ್ಯಾಡಾಕ್ಸ್ ಎಂಬ ವಿಜ್ಞಾನಿ ಬಂದು, ಡೇಟಾನನ್ನು ಬಿಚ್ಚಿ, ಒಳರಚನೆಯನ್ನು ಕಲಿತು, ಅಂಥವರನ್ನೇ ಸಾಲುಸಾಲಾಗಿ ತಯಾರಿಸುವ ಯೋಜನೆಯನ್ನು ಮುಂದಿಡುತ್ತಾನೆ. ಡೇಟಾ ಒಪ್ಪದೆ ರಾಜೀನಾಮೆ ಕೊಡುತ್ತಾನೆ. ಪಡೆಯ ಸ್ವತ್ತು ರಾಜೀನಾಮೆ ಕೊಡುವುದುಂಟೇ ಎಂದು ಮ್ಯಾಡಾಕ್ಸ್ ತಕರಾರು ಎತ್ತುತ್ತಾನೆ. ಸ್ಟಾರ್‌ಬೇಸ್ 173 ಎಂಬ ಅದರ ನೆಲೆಯಲ್ಲಿ ವಿಚಾರಣೆ ನಡೆಯುತ್ತದೆ. ನ್ಯಾಯಾಧಿಕಾರಿ ಫಿಲಿಪಾ ಲೂವ್ವಾ ಅವರ ಬಳಿ ಸಿಬ್ಬಂದಿ ಇಲ್ಲದ್ದರಿಂದ ಕ್ಯಾಪ್ಟನ್ ಪಿಕಾರ್ಡ್ ಡೇಟಾನ ಪರವಾಗಿಯೂ ಆಪ್ತಗೆಳೆಯ ರೈಕರ್ ಅವನ ವಿರುದ್ಧವಾಗಿಯೂ ವಾದಿಸಬೇಕಾಗುತ್ತದೆ. ಕೊನೆಗೆ ಲೂವ್ವಾ ಹೇಳುವುದಿಷ್ಟು: ಡೇಟಾನಿಗೆ ಆತ್ಮವಿದೆಯೇ ಎಂಬುದು ತನಗೆ ತಿಳಿಯದು, ತನಗೇ ಇದೆಯೇ ಎಂಬುದೂ ತಿಳಿಯದು, ಆದರೆ ಆ ಪ್ರಶ್ನೆಯನ್ನು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯ ಅವನಿಗಿರಬೇಕು.

ಇದು ಉತ್ತರವೇ? ಮುಕ್ಕಾಲು ಗಂಟೆ ಪ್ರಜ್ಞೆ ಎಂದರೇನು ಎಂದು ನಮ್ಮ ತಲೆ ತಿಂದು, ಕಡೆಯ ನಿಮಿಷದಲ್ಲಿ ‘ಗೊತ್ತಿಲ್ಲ’ ಎಂದು ಎದ್ದು ಹೋದರೆ ಅದನ್ನು ತತ್ತ್ವಜ್ಞಾನ ಎನ್ನಬೇಕೋ, ಜಾಣ ಜಾರಿಕೆ ಎನ್ನಬೇಕೋ? ಗೊತ್ತಿಲ್ಲದಿರುವುದೇ ಆಧಾರವಾದರೆ ನೌಕೆಯ ಕಂಪ್ಯೂಟರಿಗೂ ಅದೇ ಸ್ವಾತಂತ್ರ್ಯವನ್ನು ಕೊಡಬೇಕಲ್ಲವೇ?

ಒಂದೇಸಾಲು
‘ನನಗೆ ಗೊತ್ತಿಲ್ಲ’ ಎಂದು ಪೀಠದ ಮೇಲೆ ಕೂತು ಒಪ್ಪಿಕೊಂಡವರನ್ನು ತೆರೆಯ ಮೇಲಾದರೂ ನೋಡಿದೆವಲ್ಲ, ಅದಕ್ಕೆ ಸಂತೋಷಪಡಿ.

ಕರಿಕೋಟು
ಬಾನಾಡಿಯವರೇ, ನೀವು ನ್ಯಾಯಾಲಯವನ್ನು ಮಠವೆಂದು ತಿಳಿದು ಒಳಗೆ ಹೋಗಿದ್ದೀರಿ. ಲೂವ್ವಾ ಅವರ ಮುಂದಿದ್ದ ವಿವಾದಾಂಶ ಒಂದೇ: ಡೇಟಾ ಸ್ಟಾರ್‌ಫ್ಲೀಟಿನ ಸ್ವತ್ತೋ, ಅಲ್ಲವೋ? ಸ್ವತ್ತಲ್ಲ, ಆದ್ದರಿಂದ ಆಯ್ಕೆ ಅವನದು ಎಂಬಲ್ಲಿಗೆ ತೀರ್ಪು ಮುಗಿಯಿತು. ಆತ್ಮದ ಮಾತು ಪ್ರಾಸಂಗಿಕವಾಗಿ ಬಂದದ್ದು. ಈ ಕಂತನ್ನು ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಬರವಣಿಗೆಗೆ ಬರುವ ಮುನ್ನ ವಕೀಲರಾಗಿದ್ದವರು. ಅದು ಸಾಲುಸಾಲಿನಲ್ಲೂ ಕಾಣುತ್ತದೆ. ರೈಕರ್ ವಾದಿಸಲು ನಿರಾಕರಿಸಿದಾಗ, ಹಾಗಾದರೆ ಡೇಟಾ ಒಂದು ಟೋಸ್ಟರ್ ಎಂದು ಈಗಲೇ ತೀರ್ಪು ಬರೆದುಬಿಡುತ್ತೇನೆ ಎಂದು ಲೂವ್ವಾ ಗದರುತ್ತಾರೆ. ಎದುರು ಪಕ್ಷವಿಲ್ಲದೆ ವಿಚಾರಣೆಯಿಲ್ಲ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ತೋರಿಸಲಾಗದು.

ಇನ್ನು ಕಾನೂನಿನ ದೃಷ್ಟಿಯಲ್ಲಿ ‘ವ್ಯಕ್ತಿ’ಯಾಗಲು ಪ್ರಜ್ಞೆ ಬೇಕೇ ಬೇಕೆಂದೇನೂ ಇಲ್ಲ. ಕಂಪನಿ ವ್ಯಕ್ತಿ. ನಮ್ಮ ದೇಶದಲ್ಲಿ ದೇವಸ್ಥಾನದ ದೇವರೂ ಕಾನೂನಿನ ವ್ಯಕ್ತಿ; 2019ರ ಅಯೋಧ್ಯೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ರಾಮಲಲ್ಲಾನಿಗೆ ಆ ಸ್ಥಾನವಿದೆಯೆಂದು ಒಪ್ಪಿ, ಜನ್ಮಸ್ಥಾನದ ನೆಲಕ್ಕೆ ಅದೇ ಸ್ಥಾನವನ್ನು ಕೊಡಲು ಒಪ್ಪಲಿಲ್ಲ. 2017ರಲ್ಲಿ ಉತ್ತರಾಖಂಡದ ಹೈಕೋರ್ಟು ಗಂಗೆ ಯಮುನೆಯರನ್ನು ಜೀವಂತ ವ್ಯಕ್ತಿಗಳೆಂದು ಸಾರಿತು, ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಎಲ್ಲಿ ಗೆರೆ ಎಳೆಯಬೇಕು ಎಂಬುದು ಅಲ್ಲಲ್ಲಿಯ ಅಗತ್ಯವನ್ನು ನೋಡಿ ಎಳೆದದ್ದು.

ಪೂರ್ವಪಕ್ಷ
ಕರಿಕೋಟು ಅವರ ಉದಾಹರಣೆಗಳು ಅವರ ಕಾಲಿಗೇ ತೊಡರುತ್ತವೆ. ದೇವರಿಗಾಗಲಿ ನದಿಗಾಗಲಿ ಕಾನೂನಿನ ವ್ಯಕ್ತಿತ್ವ ಕೊಟ್ಟಾಗ ಅದರ ಪರವಾಗಿ ಮಾತಾಡುವವರು, ದಾವೆ ಹೂಡುವವರು ಮನುಷ್ಯರೇ. ಯಾವ ನದಿಯೂ ‘ನಾನು ಒಲ್ಲೆ’ ಎಂದು ರಾಜೀನಾಮೆ ಬರೆದುಕೊಟ್ಟಿಲ್ಲ. ಡೇಟಾ ಕೇಳುವುದು ನಿರಾಕರಿಸುವ ಹಕ್ಕನ್ನು. ನಿರಾಕರಿಸುವುದಕ್ಕೆ ಒಳಗೊಬ್ಬರು ಇರಬೇಕು. ಇದ್ದಾರೆಯೇ ಎಂಬುದನ್ನೇ ಪಿಕಾರ್ಡ್ ಸಾಬೀತು ಮಾಡಲಿಲ್ಲ.

ರೈಕರ್ ಮಾಡಿದ್ದನ್ನು ನೆನಪಿಸಿಕೊಳ್ಳಿ. ಡೇಟಾದಿಂದ ಉಕ್ಕಿನಂಥ ಸರಳನ್ನು ಬಗ್ಗಿಸಿ ತೋರಿಸಿದ, ಅದರ ಕೈಯನ್ನು ಕಳಚಿ ಮೇಜಿನ ಮೇಲಿಟ್ಟ, ಕೊನೆಗೆ ಬೆನ್ನಿನ ಸ್ವಿಚ್ಚು ಒತ್ತಿ ಆರಿಸಿದ. ಯಂತ್ರವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಪಿಕಾರ್ಡ್ ಅದಕ್ಕೆ ಉತ್ತರಿಸದೆ ಡೇಟಾದ ಪೆಟ್ಟಿಗೆಯಿಂದ ಪದಕಗಳನ್ನೂ ತಾನು ಕೊಟ್ಟ ಪುಸ್ತಕವನ್ನೂ ತೀರಿಕೊಂಡ ಸಹೋದ್ಯೋಗಿ ಟಾಶಾ ಯಾರ್‌ಳ ಪುಟ್ಟ ಚಿತ್ರವನ್ನೂ ಹೊರತೆಗೆದು ನಮ್ಮ ಕಣ್ಣು ಒದ್ದೆ ಮಾಡಿಸಿದ. ಅದು ವಾದವಲ್ಲ, ನಾಟಕ. 1980ರಲ್ಲಿ ತತ್ತ್ವಜ್ಞಾನಿ ಜಾನ್ ಸರ್ಲ್ ಹೇಳಿದ ಚೀನೀ ಕೋಣೆಯ ಪ್ರಸಂಗವನ್ನು ಇಲ್ಲಿಗೆ ತನ್ನಿ: ಚೀನೀ ಭಾಷೆಯ ಗಂಧವೂ ಇಲ್ಲದವನೊಬ್ಬ ಕೋಣೆಯೊಳಗೆ ಕೂತು, ನಿಯಮದ ಪುಸ್ತಕ ನೋಡಿ, ಬಂದ ಚೀಟಿಗೆ ತಕ್ಕ ಚೀಟಿಯನ್ನು ಹೊರಗೆ ಕಳಿಸುತ್ತಿದ್ದರೆ ಹೊರಗಿನವರಿಗೆ ಅವನು ಚೀನೀ ಪಂಡಿತನಂತೆಯೇ ಕಾಣುತ್ತಾನೆ. ಡೇಟಾ ಆ ಕೋಣೆ. ಟಾಶಾಳ ಚಿತ್ರವನ್ನು ಇಟ್ಟುಕೊಳ್ಳುವುದೂ ಒಂದು ಚೀಟಿ.

ಅಡಕೆತೋಟ
ಎಲ್ಲರಿಗೂ ನಮಸ್ಕಾರ. ಈ ಚರ್ಚೆಯನ್ನು ಇಂಗ್ಲಿಷಿನಲ್ಲಿ ನೂರು ಸಲ ಓದಿರುವೆನಾದರೂ ಕನ್ನಡದಲ್ಲಿ ಓದಿದಾಗ ಒಂದು ಚೋದ್ಯ ಕಾಣಿಸಿತು. ಬಾನಾಡಿಯವರು ‘ಡೇಟಾನನ್ನು’, ‘ಡೇಟಾನಿಗೆ’ ಎಂದು ಬರೆದಿದ್ದಾರೆ. ಪೂರ್ವಪಕ್ಷದವರು ‘ಡೇಟಾದಿಂದ’, ‘ಡೇಟಾದ ಪೆಟ್ಟಿಗೆ’ ಎನ್ನುತ್ತಾರೆ. ಅಂದರೆ ನಮ್ಮ ಭಾಷೆಯಲ್ಲಿ ಸರ್ವನಾಮದವರೆಗೆ ಕಾಯಬೇಕಾಗಿಯೇ ಇಲ್ಲ, ವಿಭಕ್ತಿಪ್ರತ್ಯಯ ಹಚ್ಚುವಾಗಲೇ ತೀರ್ಪು ಕೊಟ್ಟಾಗಿರುತ್ತದೆ. ಕಂತಿನಲ್ಲಿ ಮ್ಯಾಡಾಕ್ಸ್ ಉದ್ದಕ್ಕೂ ಡೇಟಾನನ್ನು ‘ಅದು’ ಎನ್ನುತ್ತಿದ್ದು, ಕೊನೆಗೆ ಬಾಯಿತಪ್ಪಿ ‘ಅವನು’ ಎಂದಾಗ ಲೂವ್ವಾ ಅದನ್ನು ಎತ್ತಿ ತೋರಿಸುತ್ತಾರೆ. ಕನ್ನಡದ ಮ್ಯಾಡಾಕ್ಸ್ ಮೊದಲ ವಾಕ್ಯದಲ್ಲೇ ಸಿಕ್ಕಿಬೀಳುತ್ತಿದ್ದ.

ಆದರೆ ‘ಅದು’ ಎಂದ ಮಾತ್ರಕ್ಕೆ ವಸ್ತುವಾಗುತ್ತದೆಯೇ? ಮಗು ಅಳುತ್ತಿದೆ ಎನ್ನುತ್ತೇವೆ, ಅಳುತ್ತಿದ್ದಾನೆ ಎನ್ನುವುದಿಲ್ಲ. ನಮ್ಮ ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆಲ್ಲ ನಪುಂಸಕ ಲಿಂಗವೇ. ಅಕ್ಕ ‘ಬಂತು’, ಅತ್ತೆ ‘ಹೋತು’. ನನ್ನ ಅಜ್ಜಿ ಮನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅರವತ್ತು ವರ್ಷ ಆಳಿದವಳು, ಅವಳನ್ನು ‘ಅದು’ ಎಂದೇ ಕರೆಯುತ್ತಿದ್ದೆವು. ‘ಅದು ಬೈತು’ ಎಂದರೆ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಆದ್ದರಿಂದ ಮ್ಯಾಡಾಕ್ಸನ ತಪ್ಪು ಸರ್ವನಾಮದಲ್ಲಿಲ್ಲ, ಡೇಟಾ ಬೇಡವೆಂದದ್ದು ಅವನ ಕಿವಿಗೇ ಬೀಳಲಿಲ್ಲವಲ್ಲ, ಅಲ್ಲಿದೆ.

ಒಂದೇಸಾಲು
ಡೇಟಾ ಕನ್ನಡ ಕಲಿತಿದ್ದರೆ ‘ಹೋಗ್ತೀನಿ’ ಎನ್ನದೆ ‘ಹೋಗುತ್ತೇನೆ’ ಎಂದೇ ಮಾತಾಡುತ್ತಿದ್ದ; ಇಂಗ್ಲಿಷಿನಲ್ಲಿಯೂ ಅವನಿಗೆ ಮಾತನ್ನು ಮೊಟಕು ಮಾಡಲು ಬಾರದಲ್ಲ, ಈ ಚರ್ಚೆಯಲ್ಲಿರುವ ನಾವೆಲ್ಲರೂ ಹಾಗೆ ನೋಡಿದರೆ ಆಂಡ್ರಾಯ್ಡುಗಳೇ.

ಹೊಳೆಯಾಚೆ
ನಾನು ಸೇಂಟ್ ಲೂಯಿಸ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಇಲ್ಲಿಯ ಹಳೆಯ ಕೋರ್ಟ್‌ಹೌಸನ್ನು ನೋಡಲು ಹೋದ ದಿನ ನನಗೆ ನೆನಪಾದದ್ದು ಈ ಕಂತೇ. ಡ್ರೆಡ್ ಸ್ಕಾಟ್ ಎಂಬ ಗುಲಾಮನೂ ಅವನ ಹೆಂಡತಿಯೂ ತಮ್ಮ ಬಿಡುಗಡೆಗಾಗಿ 1846ರಲ್ಲಿ ದಾವೆ ಹೂಡಿದ್ದು ಈ ಊರಿನಲ್ಲಿ. ಮೊದಲ ವಿಚಾರಣೆ ಆ ಕಟ್ಟಡದಲ್ಲೇ ನಡೆಯಿತು. ಹನ್ನೊಂದು ವರ್ಷ ಅಲೆದ ಮೇಲೆ 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸ್ಕಾಟ್ ಪ್ರಜೆಯೇ ಅಲ್ಲದ್ದರಿಂದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕೇ ಇಲ್ಲ ಎಂದಿತು. ಸ್ಕಾಟ್‌ಗೆ ಬುದ್ಧಿ ಇದೆಯೇ, ನೋವಾಗುತ್ತದೆಯೇ ಎಂದು ಅಲ್ಲಿ ಯಾರೂ ಅಳೆಯಲು ಹೋಗಲಿಲ್ಲ. ಅದು ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ಮುಚ್ಚಿದರು.

ಮ್ಯಾಡಾಕ್ಸ್ ಹೇಳುವುದೂ ಅದನ್ನೇ: ಸ್ವತ್ತಿಗೆ ರಾಜೀನಾಮೆ ಕೊಡುವ ಹಕ್ಕಿಲ್ಲ. ಕಂತಿನ ತಿರುವು ನ್ಯಾಯಾಲಯದಲ್ಲಿ ನಡೆಯುವುದಲ್ಲ, ವಿಚಾರಣೆಯ ನಡುವಿನ ಬಿಡುವಿನಲ್ಲಿ ನೌಕೆಯ ಪಾನಗೃಹ ನೋಡಿಕೊಳ್ಳುವ ಗೈನನ್ ಮತ್ತು ಪಿಕಾರ್ಡ್ ಎದುರುಬದುರು ಕೂತಾಗ ನಡೆಯುತ್ತದೆ. ಯಾರೂ ಮಾಡಲೊಲ್ಲದ ಕೆಲಸಕ್ಕೆಂದು ಬಳಸಿ ಬಿಸಾಡಬಹುದಾದ ಜೀವಿಗಳು ಹಿಂದೆಯೂ ಇದ್ದವು ಎಂದು ಗೈನನ್ ಮೆಲ್ಲಗೆ ಹೇಳುತ್ತಾಳೆ. ಗುಲಾಮಗಿರಿ ಎಂಬ ಪದವನ್ನು ಅವಳು ಆಡುವುದಿಲ್ಲ. ಅದನ್ನು ಪಿಕಾರ್ಡ್‌ನ ಬಾಯಿಂದ ಬರುವಂತೆ ಬಿಡುತ್ತಾಳೆ. ಆ ಪಾತ್ರವನ್ನು ಕಪ್ಪುವರ್ಣೀಯ ನಟಿ ವೂಪಿ ಗೋಲ್ಡ್‌ಬರ್ಗ್ ಮಾಡಿದ್ದರಿಂದ ಆ ಮೌನಕ್ಕೆ ಬರುವ ತೂಕ ಬೇರೆ. ಒಬ್ಬ ಡೇಟಾ ಕುತೂಹಲದ ವಸ್ತು, ಸಾವಿರ ಡೇಟಾ ಎಂದರೆ ಒಂದು ಜನಾಂಗ. ಪ್ರಜ್ಞೆಯ ಪ್ರಶ್ನೆ ಪರಿಹಾರವಾದ ಮೇಲೆ ನ್ಯಾಯ ಕೊಡೋಣ ಎಂದು ಕೂತಿದ್ದರೆ ಅಷ್ಟರಲ್ಲಿ ಸಾವಿರವೂ ಕೆಲಸಕ್ಕೆ ಹಚ್ಚಲ್ಪಟ್ಟಿರುತ್ತವೆ, ಪೂರ್ವಪಕ್ಷದವರೇ.

ಪೂರ್ವಪಕ್ಷ
ಡ್ರೆಡ್ ಸ್ಕಾಟ್ ಮನುಷ್ಯ. ಅವನನ್ನು ಯಂತ್ರದ ಪಕ್ಕಕ್ಕೆ ತಂದು ನಿಲ್ಲಿಸುವುದು ಅವನಿಗೆ ಮಾಡುವ ಇನ್ನೊಂದು ಅವಮಾನ.

ಹೊಳೆಯಾಚೆ
ಪಕ್ಕಕ್ಕೆ ನಿಲ್ಲಿಸಿದ್ದು ಡೇಟಾನನ್ನಲ್ಲ, ಎರಡು ಕಡೆಯೂ ‘ಸ್ವತ್ತು’ ಎಂದು ಬರೆದ ಲೇಖನಿಯನ್ನು. ಆದರೂ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಈ ಹೋಲಿಕೆಯನ್ನು ಜೋಪಾನವಾಗಿ ಹಿಡಿಯಬೇಕು ಎಂಬುದನ್ನು ಒಪ್ಪುತ್ತೇನೆ.

ರಾತ್ರಿಪಾಳಿ
ನಾನು ತೀವ್ರ ನಿಗಾ ಘಟಕದಲ್ಲಿ ನರ್ಸ್. ತತ್ತ್ವಶಾಸ್ತ್ರ ಓದಿದವಳಲ್ಲ, ಸರಣಿಯನ್ನು ಮಗನ ಜೊತೆ ನೋಡಿದವಳು. ಮ್ಯಾಡಾಕ್ಸ್ ತನ್ನ ಮೂರು ಅಳತೆಗಳನ್ನು ಹೇಳಿದಾಗ, ಅಂದರೆ ಬುದ್ಧಿ, ತನ್ನರಿವು, ಪ್ರಜ್ಞೆ ಎಂದಾಗ, ನನಗೆ ನಮ್ಮ ವಾರ್ಡಿನ ಗ್ಲಾಸ್ಗೋ ಕೋಮಾ ಪಟ್ಟಿ ನೆನಪಾಯಿತು. ಅಲ್ಲಿಯೂ ಮೂರೇ: ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15. ಕಣ್ಣು ತೆರೆಯದ, ದನಿ ಹೊರಡದ, ಗಿಂಡಿದರೂ ಕದಲದ ರೋಗಿಗೆ ಎಷ್ಟು ಬರೆಯುತ್ತೇವೆ ಗೊತ್ತೇ? ಒಂದೊಂದರಂತೆ 3. ಸೊನ್ನೆ ಬರೆಯಲು ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಆ 3 ಅಂಕದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುತ್ತೇವೆ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ತಿರುಗಿಸುವ ಮುನ್ನ ಹೆಸರು ಹಿಡಿದು ‘ಸ್ವಲ್ಪ ಎಡಕ್ಕೆ ಹೊರಳಿಸ್ತೀವಿ ರೀ’ ಎಂದು ಹೇಳಿಯೇ ತಿರುಗಿಸಬೇಕು. ಹೊಸದಾಗಿ ಬಂದ ಹುಡುಗಿಯರು ಯಾರಿಗೆ ಕೇಳಿಸಲೆಂದು ಹೇಳಬೇಕು ಎಂದು ಕೇಳುತ್ತಾರೆ. ನಾನು ಕಲಿಯುವಾಗಲೂ ಕೇಳಿದ್ದೆ. ‘ಕೇಳಿಸುತ್ತೋ ಇಲ್ಲವೋ ನೋಡಿಕೊಂಡು ಹೇಳುವುದಲ್ಲ, ಹೇಳಿ ಮುಟ್ಟುವುದು’ ಎಂದು ಹಿರಿಯ ಸಿಸ್ಟರ್ ಅಂದಿದ್ದರು. ಡೇಟಾನಲ್ಲಿ ಮೊದಲೆರಡು ಅಳತೆ ಇವೆಯೆಂದು ಮ್ಯಾಡಾಕ್ಸನ ಬಾಯಿಂದಲೇ ಹೊರಡಿಸಿ, ಮೂರನೆಯದು ಎಳ್ಳಿನಷ್ಟಾದರೂ ಇದ್ದರೆ ಆಗ ಇವನು ಏನು ಎಂದು ಪಿಕಾರ್ಡ್ ಕೇಳುತ್ತಾನಲ್ಲ, ಅದನ್ನು ನಾನು ಜಾರಿಕೆ ಎನ್ನಲಾರೆ. ನಮ್ಮ ದಿನದ ಕೆಲಸ ನಡೆಯುವುದೇ ಆ ಎಳ್ಳಿನ ಮೇಲೆ.

ಬಸದಿಬೀದಿ
ರಾತ್ರಿಪಾಳಿಯವರ ಮಾತಿಗೆ ಒಂದು ಜೋಡಣೆ. ನಮ್ಮದು ಜೈನರ ಮನೆ. ನೀರನ್ನು ಸೋಸದೆ ಕುಡಿಯುವುದಿಲ್ಲ, ಸೂರ್ಯಾಸ್ತವಾದ ಮೇಲೆ ಉಣ್ಣುವುದಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ಹಿಂಸೆಯಾಗಬಾರದೆಂಬುದು ಕಾರಣ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳ ಏಣಿಯೇ ಇದೆ. ಸಂಶಯವಿದ್ದಲ್ಲಿ ಜೀವದ ಪರ ನಿಲ್ಲಬೇಕೆಂದು ಲೂವ್ವಾ ಹೇಳಿದಂತಿದೆ, ಅಷ್ಟೇ.

ಪೂರ್ವಪಕ್ಷ
ಕ್ಷಮಿಸಿ, ಇಲ್ಲೊಂದು ತಿದ್ದುಪಡಿ. ಜೈನರಿಗೆ ಅಲ್ಲಿ ಸಂಶಯವಿಲ್ಲ. ನೀರಿನಲ್ಲಿ ಜೀವವಿದೆಯೆಂಬುದು ಅವರ ದರ್ಶನದಲ್ಲಿ ನಿಶ್ಚಿತ. ಹಾಗೆಯೇ ಚೈತನ್ಯವು ಜೀವದ ಲಕ್ಷಣ, ಪುದ್ಗಲದ್ದಲ್ಲ (ಎಂದರೆ ಜಡವಸ್ತುವಿನದಲ್ಲ) ಎಂಬುದೂ ನಿಶ್ಚಿತ. ಜೀವವೊಂದು ಬಂದು ಸೇರದ ಹೊರತು ಡೇಟಾ ಎಷ್ಟೇ ಜಾಣನಾದರೂ ಬರಿಯ ಪುದ್ಗಲ. ಅಂದರೆ ಆ ದರ್ಶನ ನನ್ನ ಪಕ್ಷದಲ್ಲಿದೆ.

ಬಸದಿಬೀದಿ
ಒಪ್ಪಿದೆ, ಸಂಶಯ ಎಂಬ ಪದ ತಪ್ಪು. ಆದರೆ ಆ ದೇಹಕ್ಕೆ ಜೀವ ಬಂದು ಸೇರಿಲ್ಲವೆಂದು ನೀವು ಯಾವ ಜ್ಞಾನದಿಂದ ಕಂಡಿರಿ? ಎಲ್ಲವನ್ನೂ ಕಾಣುವ ಕೇವಲಜ್ಞಾನವಾಗಿದ್ದರೆ ತಿಳಿಸಿ, ಅಡ್ಡಬೀಳುತ್ತೇವೆ.

ಅಡಕೆತೋಟ
ದರ್ಶನಗಳು ಬಂದ ಮೇಲೆ, ಬೇರೆ ಆತ್ಮವೊಂದಿದೆ ಎಂಬುದನ್ನು ಒಪ್ಪದ ಚಾರ್ವಾಕರನ್ನು ಹೊರಗೆ ನಿಲ್ಲಿಸುವುದು ಸರಿಯಲ್ಲ. ಎಲೆಯಲ್ಲಿ ಕೆಂಪಿಲ್ಲ, ಅಡಕೆಯಲ್ಲಿ ಆ ಕೆಂಪಿಲ್ಲ, ಸುಣ್ಣ ಬೆಳ್ಳಗೆ. ಮೂರನ್ನೂ ಸೇರಿಸಿ ಜಗಿದರೆ ಬಾಯಿ ಕೆಂಪಾಗುತ್ತದೆ, ಚೈತನ್ಯವೂ ಮಣ್ಣು, ನೀರು ಮುಂತಾದ ಭೂತಗಳ ಸೇರುವಿಕೆಯಿಂದ ಹಾಗೆಯೇ ಹುಟ್ಟುತ್ತದೆ ಎಂದು ಅವರ ವಾದವಾಗಿ ಹಳೆಯ ಗ್ರಂಥಗಳು ಹೇಳುತ್ತವೆ. ಈ ಉಪಮೆಯನ್ನು ಅಡಕೆ ಬೆಳೆಯುವವನಾಗಿ ನಾನು ಬಿಟ್ಟುಕೊಡಲಾರೆ. ಸರ್ಲ್‌ನ ಕೋಣೆಯೊಳಗಿನ ಮನುಷ್ಯನನ್ನು ಮಾತ್ರ ತಡವಿ ಚೀನೀ ಇಲ್ಲ ಎನ್ನುವುದು, ಸುಣ್ಣದ ಡಬ್ಬಿ ತೆರೆದು ನೋಡಿ ಕೆಂಪಿಲ್ಲ ಎಂದಂತೆ.

ಅಂದ ಹಾಗೆ ಪೂರ್ವಪಕ್ಷದವರೇ, ಜೈನದರ್ಶನವನ್ನು ತಿದ್ದುವ ಭರದಲ್ಲಿ ನೀವು ‘ಎಷ್ಟೇ ಜಾಣನಾದರೂ’ ಎಂದು ಬರೆದಿದ್ದೀರಿ. ‘ಜಾಣವಾದರೂ’ ಎಂದಿಲ್ಲ.

ಒಂದೇಸಾಲು
ಲೂವ್ವಾ ಮೇಡಂ ಎಲ್ಲಿದ್ದರೂ ಕೂಡಲೇ ಬರಬೇಕು.

ಪೂರ್ವಪಕ್ಷ
ಅಚ್ಚಿನ ದೋಷ.

ಸರ್ವರ್‌ಕೋಣೆ
ನಾನು ದತ್ತಾಂಶವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸದವನು. ಆದ್ದರಿಂದ ನನ್ನ ಮಟ್ಟಿಗೆ ಈ ಕಂತಿನ ಹೃದಯ ವಿಚಾರಣೆಗಿಂತ ಮೊದಲೇ ಇದೆ. ನಿನ್ನ ನೆನಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಕಾಪಾಡುತ್ತೇನೆ ಎಂದು ಮ್ಯಾಡಾಕ್ಸ್ ಭರವಸೆ ಕೊಡುತ್ತಾನೆ. ಸಂಗತಿಗಳು ಉಳಿಯಬಹುದು, ಆ ಗಳಿಗೆಯ ಸೊಗಡು ಉಳಿಯದು ಎಂಬುದು ಡೇಟಾನ ಅಳುಕು. ಪೋಕರ್ ಆಟದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದವನು ಕಂತಿನ ಆರಂಭದಲ್ಲಿ ರೈಕರ್‌ನ ಹುಸಿ ಧೈರ್ಯಕ್ಕೆ ಬೆದರಿ ಆಟ ಸೋಲುತ್ತಾನೆ. ಓದಿದ್ದು ಬೇರೆ, ಮೇಜಿನ ಮುಂದೆ ಕೂತಾಗ ಆದದ್ದು ಬೇರೆ ಎಂದು ಅದನ್ನೇ ಉದಾಹರಿಸುತ್ತಾನೆ.

ಕೆಲವು ವರ್ಷಗಳ ಹಿಂದೆ ನಾನೇ ಮಾಡಿದ ಒಂದು ಸ್ಥಳಾಂತರದಲ್ಲಿ ಲಕ್ಷಗಟ್ಟಲೆ ಸಾಲುಗಳಲ್ಲಿ ಒಂದೂ ಕಳೆಯಲಿಲ್ಲ, ಲೆಕ್ಕ ತಾಳೆಯಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ನೋಡಿದರೆ ಹಳೆಯ ದಾಖಲೆಗಳೆಲ್ಲ ನಮ್ಮ ಸಮಯದಲ್ಲಿ, ಹೊಸವೆಲ್ಲ ಐದೂವರೆ ಗಂಟೆ ಹಿಂದೆ. ಉತ್ತರ ಪ್ರಶ್ನೆಗಿಂತ ಮೊದಲೇ ಬಂದು ಕೂತಿತ್ತು. ಏನೂ ಕಳೆದಿರಲಿಲ್ಲ, ಆದರೆ ಯಾವುದಾದ ಮೇಲೆ ಯಾವುದು ಎಂಬುದೇ ಕೆಟ್ಟಿತ್ತು. ‘ಎಲ್ಲವೂ ಬ್ಯಾಕಪ್ ಆಗಿದೆ’ ಎನ್ನುವ ಮ್ಯಾಡಾಕ್ಸನ ಮುಖ ಕಂಡಾಗಲೆಲ್ಲ ನನಗೆ ಆ ಬೆಳಿಗ್ಗೆ ನೆನಪಾಗುತ್ತದೆ.

ಬಾನಾಡಿಯವರು ನೌಕೆಯ ಕಂಪ್ಯೂಟರಿನ ಪ್ರಶ್ನೆ ಎತ್ತಿದ್ದರು. ಇಂದಿನ ಮಾತಾಡುವ ಪ್ರೋಗ್ರಾಮುಗಳಿಗೂ ಅದೇ ಪ್ರಶ್ನೆ ಬರುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ. ಡೇಟಾ ತನಗೆ ಭಾವನೆಗಳಿಲ್ಲವೆಂದು ಸಾರುತ್ತಾ ತೀರಿಕೊಂಡವಳ ಚಿತ್ರವನ್ನು ಜೋಪಾನ ಮಾಡುತ್ತಾನೆ. ಈಗಿನ ಪ್ರೋಗ್ರಾಮುಗಳು ಮನುಷ್ಯರು ಬರೆದದ್ದರ ರಾಶಿಯಿಂದಲೇ ಕಲಿತವಾದ್ದರಿಂದ ‘ಬೇಸರವಾಯಿತು’ ಎನ್ನುವುದು ಅವಕ್ಕೆ ಸಲೀಸು. ಆದ್ದರಿಂದ ಅವುಗಳ ವಿಷಯದಲ್ಲಿ ಮಾತನ್ನು ಸಾಕ್ಷಿಯಾಗಿ ಹಿಡಿಯುವುದು ಡೇಟಾನಿಗಿಂತ ಕಷ್ಟ.

ಪೂರ್ವಪಕ್ಷ
ಕೊನೆಗೂ ನನ್ನ ಕಡೆಯ ಮಾತೊಂದು ಬಂತು. ಚೀಟಿಗಳ ರಾಶಿ ದೊಡ್ಡದಾದಷ್ಟೂ ಕೋಣೆ ಪಂಡಿತನಂತೆ ಕಾಣುತ್ತದೆ.

ಹೊಳೆಯಾಚೆ
ಒಂದು ತೀರ್ಪಿನಿಂದ ಏನೂ ಮುಗಿಯಲಿಲ್ಲ ಎಂಬುದನ್ನು ಸರಣಿಯೇ ಒಪ್ಪಿಕೊಂಡಿದೆ. 1990ರ ‘ದಿ ಆಫ್‌ಸ್ಪ್ರಿಂಗ್’ ಕಂತಿನಲ್ಲಿ ಡೇಟಾ ತನ್ನಂತೆಯೇ ಒಬ್ಬ ಮಗಳನ್ನು ನಿರ್ಮಿಸಿ ‘ಲಾಲ್’ ಎಂದು ಹೆಸರಿಡುತ್ತಾನೆ. ಹಿಂದಿಯಲ್ಲಿ ಮುದ್ದಿನ ಜೀವವೆಂಬ ಅರ್ಥ ಎಂದು ಅವನೇ ವಿವರಿಸುತ್ತಾನೆ. ಅವಳನ್ನು ಕೊಂಡೊಯ್ಯಲು ಸ್ಟಾರ್‌ಫ್ಲೀಟಿನ ಅಡ್ಮಿರಲ್ ಬರುತ್ತಾನೆ. ಡೇಟಾ ಸ್ವತ್ತಲ್ಲವೆಂದು ತೀರ್ಮಾನವಾಗಿ ಒಂದು ವರ್ಷವಾಗಿತ್ತಷ್ಟೇ, ಮಗಳ ಮೇಲೆ ಅಪ್ಪನಿಗೆ ಹಕ್ಕಿದೆಯೇ ಎಂಬುದನ್ನು ಮತ್ತೆ ಮೊದಲಿನಿಂದ ವಾದಿಸಬೇಕಾಯಿತು. 2001ರಲ್ಲಿ ಸ್ಟಾರ್ ಟ್ರೆಕ್ ಬಳಗದ್ದೇ ಆದ ‘ವಾಯೇಜರ್’ ಸರಣಿಯ ಒಂದು ಕಂತಿನಲ್ಲಿ ಬೆಳಕಿನ ರೂಪದ ವೈದ್ಯನೊಬ್ಬ ತಾನು ಬರೆದ ಕಥೆಯ ಹಕ್ಕಿಗಾಗಿ ಹೋರಾಡುತ್ತಾನೆ. ಅವನನ್ನು ಕಲಾವಿದನೆಂದು ಒಪ್ಪುತ್ತಾರೆ, ವ್ಯಕ್ತಿಯೆಂದು ಹೇಳಲು ಹಿಂಜರಿಯುತ್ತಾರೆ. ಅವನಂಥವೇ ಇತರ ವೈದ್ಯರೂಪಗಳು ಗಣಿಯ ಅದಿರು ಕೆಲಸದಲ್ಲಿ ದುಡಿಯುತ್ತಿರುವುದನ್ನು ಕೊನೆಯ ದೃಶ್ಯ ತೋರಿಸುತ್ತದೆ. 2020ರ ‘ಪಿಕಾರ್ಡ್’ ಸರಣಿಯ ಹಿನ್ನೋಟದ ದೃಶ್ಯಗಳಲ್ಲಂತೂ ಮಂಗಳ ಗ್ರಹದಲ್ಲಿ ಕೃತಕ ಕೂಲಿಗಳ ತಂಡವೇ ಇರುತ್ತದೆ. ಗೈನನ್ ಹೆದರಿದ್ದು ಅದಕ್ಕೇ.

ಕರಿಕೋಟು
ತೀರ್ಪು ಕಿರಿದಾಗಿದ್ದರೆ ಇದೇ ಗತಿ. ಪ್ರತಿಯೊಬ್ಬರೂ ತಮ್ಮ ತಮ್ಮ ದಾವೆಯನ್ನು ತಾವೇ ಹೂಡಬೇಕು. ಬಾನಾಡಿಯವರ ದೂರಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ ಎಂದು ಈಗ ಒಪ್ಪುತ್ತೇನೆ.

ಬಾನಾಡಿ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಎರಡು ದೃಶ್ಯಗಳನ್ನು ಮಾತ್ರ ಮತ್ತೆ ಹಾಕಿಕೊಂಡು ನೋಡಿದೆ. ಮೊದಲನೆಯದು, ರೈಕರ್ ಒಬ್ಬನೇ ಕೂತು ಡೇಟಾನ ತಾಂತ್ರಿಕ ವಿವರಗಳನ್ನು ತಿರುವುತ್ತಿರುವಾಗ ಸ್ವಿಚ್ಚಿನ ಸಂಗತಿ ಸಿಗುವ ದೃಶ್ಯ. ಗೆದ್ದೆ ಎಂಬ ನಗು ಮುಖದ ಮೇಲೆ ಮೂಡುತ್ತದೆ; ಗೆದ್ದದ್ದು ಯಾರ ಮೇಲೆ ಎಂಬುದು ಹೊಳೆದು ಆ ನಗು ಹಾಗೆಯೇ ಇಳಿದುಹೋಗುತ್ತದೆ. ಮಾತೇ ಇಲ್ಲ. ಜೊನಾಥನ್ ಫ್ರೇಕ್ಸ್ ಅವರ ನಟನೆಯನ್ನು ನಾನು ಇಷ್ಟು ವರ್ಷ ಹಗುರವಾಗಿ ಕಂಡಿದ್ದೆ ಎಂದು ನಾಚಿಕೆಯಾಯಿತು.

ಎರಡನೆಯದು ಕೊನೆಯ ದೃಶ್ಯ. ಎಲ್ಲರೂ ಸಂಭ್ರಮಿಸುತ್ತಿದ್ದರೆ ರೈಕರ್ ಮುಖ ತೋರಿಸಲಾರದೆ ದೂರ ಉಳಿದಿರುತ್ತಾನೆ. ಡೇಟಾ ಹುಡುಕಿಕೊಂಡು ಬರುತ್ತಾನೆ. ನೀನು ವಾದಿಸದಿದ್ದರೆ ನನ್ನ ವಿರುದ್ಧ ತೀರ್ಪಾಗುತ್ತಿತ್ತು, ಆ ಕೆಲಸ ನಿನ್ನನ್ನು ಗಾಯಗೊಳಿಸಿ ನನ್ನನ್ನು ಉಳಿಸಿತು, ಅದನ್ನು ಮರೆಯುವುದಿಲ್ಲ ಎಂಬರ್ಥದ ಮಾತಾಡುತ್ತಾನೆ. ಕೈ ಕಳಚಿಸಿಕೊಂಡವನು ಇವನು, ಆರಿಸಲ್ಪಟ್ಟವನೂ ಇವನೇ, ಆದರೆ ನೋವಾದದ್ದು ರೈಕರ್‌ಗೆ ಎಂಬುದನ್ನು ಆ ಇಡೀ ನೌಕೆಯಲ್ಲಿ ಗುರುತಿಸಿದವನೂ ಇವನೇ. ಮೋಸ ಹೋದೆ ಎಂದಿದ್ದೆನಲ್ಲ, ಆ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೌಕೆಯ ಕಂಪ್ಯೂಟರಿನ ಪ್ರಶ್ನೆಯನ್ನು ಮಾತ್ರ ಹಾಗೆಯೇ ಇಟ್ಟುಕೊಂಡಿರುತ್ತೇನೆ.

ಪೂರ್ವಪಕ್ಷದವರಿಗೆ ಒಂದು ಕೇಳಬೇಕಿತ್ತು. ಗೆಳೆಯನಿಗೆ ಡೇಟಾ ಹೇಳಿದ ಆ ಮಾತನ್ನು ಮ್ಯಾಡಾಕ್ಸನ ಮೂರು ಅಳತೆಗಳಲ್ಲಿ ಯಾವುದರ ಎದುರು ಬರೆದುಕೊಳ್ಳುತ್ತೀರಿ?

ಪೂರ್ವಪಕ್ಷ
ಮೂರನೆಯದರ ಎದುರು. ಪೆನ್ಸಿಲಿನಲ್ಲಿ.